ಅತಿಥಿಗೆ ಮನೆ ಹುಡುಕಿದ್ದು

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದರೆ
ಬೀದಿಯ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ನಡೆಯಲೆಂದು.
ಹಾಗೇ ಹಿಡಿದು ಹಿಡಿದು ಬಂದೆ ಆ ಸೋಮವಾರ,
ಕೋಟಿನೊಳಗೆ ಮೂರು ಡಿಸ್ಕು,
ಉಣ್ಣೆ ಸಹಕಾರ ಸಂಘದ ಹಿಂಬಾಗಿಲಿಗೆ.

ಒಳಗೊಂದು ಮುದಿ ಕಂಪ್ಯೂಟರು
ಗೊರಗೊರ ಉಸಿರೆಳೆಯುತ್ತಿತ್ತು.
ಯಾವ ಹಟ್ಟಿಯ ಕುರಿ, ಎಳೆ ಎಷ್ಟು ಸಣ್ಣ,
ಮೂಟೆ ಎಷ್ಟು ತೂಗಿತು:
ಇಪ್ಪತ್ತೆಂಟು ವರ್ಷದ ಲೆಕ್ಕ ಅದರ ಹೊಟ್ಟೆಯಲ್ಲೇ.
ಆ ಪ್ರೋಗ್ರಾಮು ಬರೆದವನು ಎರ್ಮೋಹೆನೆಸ್,
ಆಗ ಉಣ್ಣೆ ವಿಂಗಡಿಸುತ್ತಿದ್ದವ,
ರಾತ್ರಿ ಪುಸ್ತಕ ನೋಡಿ ಕಲಿತು ಬರೆದದ್ದು.
ಈಗ ನಿವೃತ್ತ. ಆದರೂ ದಿನಾ ಬರುತ್ತಾನೆ,
ಅದರ ಮಗ್ಗುಲಲ್ಲಿ ಕೂತು ಮಾಟೆ ಎಲೆಯ ಕಷಾಯ ಹೀರುತ್ತಾನೆ.

"ಹೊಸ ಯಂತ್ರದಲ್ಲಿ ಇದು ಓಡುವುದಿಲ್ಲ," ಅಂದೆ.
"ಯಂತ್ರದೊಳಗೊಂದು ಸುಳ್ಳು ಯಂತ್ರ ಹೂಡಬೇಕು.
ಸುಳ್ಳು ಡಿಸ್ಕು, ಸುಳ್ಳು ಪ್ರಿಂಟರು, ಸುಳ್ಳು ಗಡಿಯಾರ.
ಮನೆ ಬದಲಾಯಿತೆಂದು
ಇದಕ್ಕೆ ಗೊತ್ತೇ ಆಗಬಾರದು."
"ವೃದ್ಧಾಶ್ರಮ," ಅಂದ ಎರ್ಮೋಹೆನೆಸ್.

ಮೊದಲನೆಯದಕ್ಕೆ ಠೀವಿ ಜಾಸ್ತಿ.
ಕೋರಿಗಿಷ್ಟು, ವರ್ಷಕ್ಕಿಷ್ಟು, ಸಹಾಯಕ್ಕೆ ಬೇರೆ ಇಷ್ಟು.
ಲೆಕ್ಕದ ಫ್ರೆಸಿಯಾ ಕನ್ನಡಕ ತೆಗೆದು
ಒರೆಸಿ, ಹಾಕಿ, ಮತ್ತೆ ಓದಿ,
ಹಾಳೆಯನ್ನು ಮಗುಚಿಟ್ಟಳು.

ಎರಡನೆಯದು ಬಿಟ್ಟಿ. ಮೇಜಿನ ಡ್ರಾಯರಿನಷ್ಟು ಸಲೀಸು.
ಕಿಟಕಿಯೊಳಗೊಂದು ಕಿಟಕಿ,
ಮೌಸು ಹಿಡಿದೆಳೆದರೆ ಹಿಗ್ಗುತ್ತದೆ.

ಮೂರನೆಯದಕ್ಕೆ ಮುಖವೇ ಇಲ್ಲ.
ಕರ್ನಲ್ಲಿನ ಜೊತೆ ನೆಲಮಾಳಿಗೆಯಲ್ಲೇ ವಾಸ,
ಕೇಳಿದ್ದಕ್ಕಷ್ಟೇ ಉತ್ತರ, ಅದೂ ಅರ್ಧ ಸಾಲು.
ನನ್ನ ಸೋದರತ್ತೆ ಮಿಲೆಂಕಾ ಹೀಗೇ ಇದ್ದಳು;
ಆದರೆ ಮನೆಯ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿ.

ಕೋಷ್ಟಕ ಬರೆದೆ. ವೇಗಕ್ಕಿಷ್ಟು, ನೆನಪಿಗಿಷ್ಟು,
ಬೆಲೆಗೆ, ಕಲಿಯುವ ಕಷ್ಟಕ್ಕೆ, ನಕಲು ತೆಗೆವ ಸುಲಭಕ್ಕೆ ಅಂಕ ಕೊಟ್ಟು
ಕೂಡಿ ನೋಡಿದೆ:
ಮೂರಕ್ಕೂ ಇಪ್ಪತ್ತೆರಡು.

ಮಂಗಳವಾರ ಗಾಳಿಯೇ ಪಂಚಾಯ್ತಿಗೆ ಕೂತಿತು.
ಕರೆಂಟು ಹೋಯಿತು, ಬಂತು, ಹೋಯಿತು,
ಮೂರನೇ ಸಲ ಬಂದದ್ದು ನಿಂತಿತು.
ಮೊದಲನೆಯದು ಎದ್ದದ್ದೇ ಪರವಾನಗಿ ಹುಡುಕತೊಡಗಿತು,
ಓಲೆ ಕಳೆದುಕೊಂಡ ದೂತ ಅರಮನೆ ಬಾಗಿಲಲ್ಲಿ ಜೇಬು ತಡಕಿದಂತೆ.
ಎರಡನೆಯದು ಮಲಗೇ ಇತ್ತು,
ಯಾರಾದರೂ ಬಂದು ಕ್ಲಿಕ್ಕಿಸಿಯಾರೆಂದು.
ನೆಲಮಾಳಿಗೆಯದು ಮಾತ್ರ
ನಾವು ಮೇಣದಬತ್ತಿ ಊದುವ ಮೊದಲೇ
ತಾನೂ ಎದ್ದು, ಅತಿಥಿಯನ್ನೂ ಎಬ್ಬಿಸಿ,
ಮುಖ ತೊಳೆಸಿ ಕೂರಿಸಿತ್ತು.

ಒಂದೇ ಎಡವಟ್ಟು.
ಬೆಳಿಗ್ಗೆ ಹತ್ತಕ್ಕೆ ಹಸಿರು ಪರದೆ ಹೇಳಿತು:
"ಶುಭ ಮಧ್ಯಾಹ್ನ, ಎರ್ಮೋಹೆನೆಸ್."
ಗಡಿಯಾರ ಮೂರು ಗಂಟೆ ಮುಂದೆ;
ಗ್ರೀನಿಚ್ಚಿನ ಹೊತ್ತನ್ನೇ ನಮ್ಮ ಹೊತ್ತೆಂದು ನಂಬಿ ಕೂತಿದೆ.
ಮುದುಕ ಬಗ್ಗಿ ಪರದೆಯನ್ನೇ ಕೇಳಿದ:
"ನಿಂದು ಊಟ ಆಯ್ತಾ?"
ಸರಿಪಡಿಸಲು ಕೈ ಚಾಚಿದರೆ ತಡೆದ,
"ಬಿಡು, ಇಷ್ಟು ವರ್ಷ ಹಿಂದುಳಿದಿದ್ದು
ಒಂದು ದಿನವಾದರೂ ಮುಂದಿರಲಿ."

ಬಿಡಲಾಗುತ್ತದೆಯೇ. ತೂಕದ ಚೀಟಿಯಲ್ಲಿ ಹೊತ್ತು ಬೀಳುತ್ತದೆ,
ಲಾರಿಯವರು ಜಗಳಕ್ಕೆ ಬರುತ್ತಾರೆ. ಸರಿಪಡಿಸಿದೆ.

ಸರ್ವರಿಗೆ ಮೂರನೆಯದೇ ಎಂದು ಬರೆದು ಸಹಿ ಮಾಡಿದೆ.
ಕಿಟಕಿಯಿಲ್ಲದೆ ಎರ್ಮೋಹೆನೆಸನಿಗೆ ಉಸಿರು ಕಟ್ಟುತ್ತದೆ,
ಅವನ ಮೇಜಿಗೆ ಎರಡನೆಯದು,
ಅದರಲ್ಲೊಂದು ನಕಲು: ಕೆಡಿಸಿಕೊಳ್ಳಲಿ, ಕಲಿಯಲಿ ಎಂದು.
ಒಂದೇ ವಾರದಲ್ಲಿ ನಾಲ್ಕು ಸಲ ಕೆಡಿಸಿದ.
ಪ್ರತಿ ಸಲವೂ ಬುಧವಾರದ ಚಿತ್ರಕ್ಕೆ ಹಿಂದೆ ತಿರುಗಿಸಿಕೊಟ್ಟೆ.
ಐದನೆಯ ಸಲ ತಾನೇ ತಿರುಗಿಸಿಕೊಂಡು
ಏನೂ ಆಗದವನ ಹಾಗೆ ಕಷಾಯ ಹೀರುತ್ತಿದ್ದ.
ಆ ನಕಲಿನ ಗಡಿಯಾರ
ಬೇಕೆಂದೇ ಮೂರು ಗಂಟೆ ಮುಂದಿಟ್ಟಿದ್ದೇನೆ,
ಫ್ರೆಸಿಯಾಗೆ ಹೇಳಿಲ್ಲ.

ಹಳೆಯ ಪೆಟ್ಟಿಗೆ ಈಗ ಖಾಲಿ, ತಣ್ಣಗಿದೆ. ಭಾರ ಮಾತ್ರ ಹಾಗೇ.
ಗಾಳಿಗೆ ಬಡಿದುಕೊಳ್ಳುವ ಹಿಂಬಾಗಿಲಿಗೆ
ಅದನ್ನೇ ಒತ್ತು ಕೊಟ್ಟಿದ್ದೇವೆ.