ಬಾಟ್ಲಿ ನಂಬರ್ ನಾಲ್ಕು

ಕೋಥರೂಡಿನ ಪಾರ್ಲರಿನಾಗ
ದಿನಕ್ಕ ಹದಿನಾಲ್ಕು ತಲಿ ತೊಳೀತೀನಿ.
ಮಂದಿ ಕಣ್ಣು ಮುಚ್ಚತಾರ,
ಕುತ್ತಿಗಿ ನನ್ನ ಕೈಯಾಗ ಇಡತಾರ.
ನೊರಿ ನನ್ನ ಬೆರಳ ಸಂದಿ ತಿಂದು ಹೋಗತದ.

ನನ್ನ ತಲಿಗೆ ಶಾಂಪೂ ಬಿಟ್ಟು ಎಂಟು ತಿಂಗಳಾತು.
ರವಿವಾರ ಪೇಟಿ ಅಂಗಡ್ಯಾಗ
ಅಂಟವಾಳಕ್ಕ ಮರಾಠ್ಯಾಗ ಏನಂತಾರೋ ಗೊತ್ತಿರಲಿಲ್ಲ;
ಅಂಗೈ ತಿಕ್ಕಿ ತಿಕ್ಕಿ ತೋರಿಸಿದೆ.
ಸಾಬೂನು ಕೊಟ್ಟ ಆಂವ.
ಆಮ್ಯಾಲ ನಕ್ಕೋತ "ರೀಠಾ" ಅಂದ.

ಮೊದಲ ತಿಂಗಳ ಕೇಳಬ್ಯಾಡ್ರಿ.
ಜಿಡ್ಡು, ತುರಿಕಿ.
ಬಸ್ಸಿನಾಗ ಬಾಜೂದಾಕಿ ಎದ್ದು ನಿಂತಳು,
ಅಕಿ ಸ್ಟಾಪು ಬಂದಿತ್ತೋ ಏನೋ,
ನಾ ಮಾತ್ರ ತಲಿ ಮ್ಯಾಲೆ ಸೆರಗು ಹೊದ್ದೆ.
ಯಾವಾಗೋ ಹೊಟ್ಟು ಉದುರೂದು ನಿಂತಿತ್ತು.
ಯಾವತ್ತು ಅಂತ ಲೆಕ್ಕ ಇಲ್ಲ;
ಬ್ಯಾನಿ ಹೋದ ದಿನ ಯಾರು ಬರೆದಿಡತಾರ?

ನಿನ್ನಿ ಪರಾಂಜಪೆ ಬಾಯಿ,
ಬೇಸಿನ್ನಿನಾಗ ತಲಿ ಇಟ್ಟಲ್ಲಿಂದನ
ನನ್ನ ಜಡಿ ಹಿಡಿದು ನೋಡಿದರು.
ಏನು ಹಚ್ಚತೀಯ ಕಸ್ತೂರಿ?

ಮ್ಯಾಡಮ್ಮು ಕನ್ನಡಿಯೊಳಗಿಂದ ನನ್ನನ್ನ ನೋಡಿದಳು.
ಮುಂದಿನ ವಾರ ಪಗಾರ.

ಬಾಟ್ಲಿ ನಂಬರ್ ನಾಲ್ಕು ತೋರಿಸಿದೆ.
ತೋರಿಸಿದ ಬೆರಳು ಸೀಳಿತ್ತು.
ಬಾಯಿ ಎರಡು ತಗೊಂಡರು.