ಮೊದಲು ಬ್ರೇಕ್

ಬಾಗಿಲು ಅರವತ್ತೆರಡು, ಗಾಲಿಕುರ್ಚಿ ಅರವತ್ತೈದು.
ಶಫೀಕುಲ್ ಟೇಪನ್ನು ಮತ್ತೆ ಎಳೆದ,
ಎರಡನೇ ಸಲ ಅಳೆದರೆ ಗೋಡೆ ಕರಗೀತೇನೋ ಎಂಬಂತೆ.
ಕೊನೆಗೆ ಚೌಕಟ್ಟು ಸಮೇತ ಕಿತ್ತು ಬಾಲ್ಕನಿಯಲ್ಲಿ ನಿಲ್ಲಿಸಿದೆವು.
ಈಗ ಬಚ್ಚಲಿಗೆ ನೀಲಿ ಮೀನುಗಳ ಪರದೆ,
ಮುಹರ್ರಕ್ ಪೇಟೆಯಲ್ಲಿ
ಎರಡು ದಿನಾರಿಗೆ ಕೊಂಡ ಮರ್ಯಾದೆ.

ಗೋಡೆಗೆ ತೂತು ಬೇಡ ಅಂದಿದ್ದ ಮನೆ ಮಾಲೀಕ
ತಾನೇ ಬಂದು, ಥೋಬ್ ಎತ್ತಿಕೊಂಡು,
ಸ್ಟೀಲ್ ಹಿಡಿಕೆಗೆ ಜೋತುಬಿದ್ದು ನೋಡಿದ. ತೊಂಬತ್ತು ಕಿಲೋ.
ಅಲುಗಲಿಲ್ಲ.
ಕರಾರಿನ ಮಾತೆತ್ತದೆ ಹೋದ.

ಹತ್ತೊಂಬತ್ತು ವರ್ಷ ವಾರ್ಡಿನಲ್ಲಿ
ಎಷ್ಟು ಮೈಗಳನ್ನು ಎತ್ತಿ ಕೂರಿಸಿದೆ ನಾನು!
ಈಗ ಗಿಲ್ಬರ್ಟನಿಗೆ ಹೇಳಿಕೊಡುತ್ತೇನೆ:
ಮೊದಲು ಬ್ರೇಕ್. ಆಮೇಲೆ ಪಾದದ ಹಲಗೆ ಮೇಲಕ್ಕೆ.
ಕಂಕುಳಿಗೆ ಕೈ ಹಾಕಬೇಡ, ಸೊಂಟದ ಪಟ್ಟಿ ಹಿಡಿ.
ಮೊಣಕಾಲು ಬಗ್ಗಿಸು, ಬೆನ್ನಲ್ಲ.
ಮೂರಕ್ಕೆ ಏಳಬೇಕು.
ಎರಡಕ್ಕೇ ಎತ್ತುತ್ತಾನೆ, ಪ್ರತಿ ಸಲ;
ಮದುವೆ ಫೋಟೋಕ್ಕೂ ಹೀಗೇ ಆತುರ,
ಅದರಲ್ಲಿ ಅವನ ಕಣ್ಣು ಮುಚ್ಚಿದೆ.

ಜುಲೈ. ತಾರಸಿಯ ಟ್ಯಾಂಕು ಕುದಿಯುತ್ತದೆ.
ತಣ್ಣೀರಿನ ನಲ್ಲಿಯಲ್ಲಿ ಬೆಂಕಿ,
ಆರಿಸಿಟ್ಟ ಗೀಸರಿನಲ್ಲಿ ತಂಪು,
ಈ ಊರಿನ ಲೆಕ್ಕವೇ ತಲೆಕೆಳಗು.
ನನ್ನ ಪಾದಕ್ಕೆ ಯಾವುದೂ ಗೊತ್ತಾಗುವುದಿಲ್ಲ.
ಅದಕ್ಕೇ ಅವನು ಮೊದಲು ತನ್ನ ಮೊಣಕೈ ಒಡ್ಡುತ್ತಾನೆ,
ಆಮೇಲೆ ನನ್ನ ಮೊಣಕೈಯನ್ನು ಕೇಳುತ್ತಾನೆ.

ನಿನ್ನೆ ಎರಡು ಮೊಣಕೈಗಳೂ ಒಪ್ಪಲಿಲ್ಲ.
ಬಿಸಿ ಅಂದ. ಹದ ಅಂದೆ.
ನೀರು ಹರಿಯುತ್ತಲೇ ಇತ್ತು.
ಪರದೆಯ ಮೀನುಗಳು ಪೂರ್ತಿ ಒದ್ದೆಯಾಗುವ ತನಕ
ಜಗಳಾಡಿದೆವು,
ಬ್ರೇಕ್ ಹಾಕಿಕೊಂಡೇ.