ಒಂಬತ್ತರ ಎಣಿಕೆ

ಮರಳು ಕಾದಿದೆಯೋ ಇಲ್ಲವೋ
ವಾಸನೆಯಲ್ಲೇ ಗೊತ್ತಾಗುತ್ತೆ ನನಗೆ.
ಬಾಣಲೆಗೆ ಅಕ್ಕಿ ಬಿತ್ತೋ, ಎಣಿಕೆ ಶುರು:
ಏಳಕ್ಕೆ ಚಟಪಟ, ಎಂಟಕ್ಕೆ ಬೆಳ್ಳಗೆ,
ಒಂಬತ್ತಕ್ಕೆ ಜರಡಿ.
ಹತ್ತು ಅಂದವನ ಮಂಡಕ್ಕಿ ಕಪ್ಪು, ಕೂಲಿ ಕಟ್.
ನಲವತ್ತೊಂದು ವರ್ಷ ದಾವಣಗೆರೆಯ ಭಟ್ಟಿಯಲ್ಲಿ
ಹತ್ತರ ತನಕ ಎಣಿಸಿದವನಲ್ಲ ನಾನು.

ಈಗ ಎಣಿಸುವುದೇ ಬೇರೆ.
ರಾತ್ರಿ ಹನ್ನೆರಡಕ್ಕೊಮ್ಮೆ, ಒಂದೂವರೆಗೊಮ್ಮೆ,
ಮೂರಕ್ಕೆ, ಮತ್ತೆ ಅಜಾನಿಗೆ ಮುಂಚೆ.
ಗೋಡೆಗೆ ಹಣೆ ಹಚ್ಚಿ ನಿಂತು
ಬಾ ಮಾರಾಯ ಬಾ ಅಂತ ಕರೆದರೆ
ನಾಲ್ಕು ಹನಿ. ಸುಮ್ಮನೆ. ಇನ್ನೆರಡು ಹನಿ.

ಮಸೀದಿಯಲ್ಲಿ ವಜೂ ಮಾಡಿ ಎದ್ದೆನೋ ಇಲ್ಲವೋ
ಪೈಜಾಮದಲ್ಲಿ ತಣ್ಣನೆ ಒಂದು ಚುಕ್ಕೆ.
ಮತ್ತೆ ವಜೂ. ಮತ್ತೆ ಚುಕ್ಕೆ.
ಮೊದಲ ಸಾಲಿನವನು ಕೊನೆಯ ಸಾಲಿಗೆ ಸರಿದೆ.
ಯಾಕೆಂದು ಯಾರೂ ಕೇಳಲಿಲ್ಲ.
ಕೊನೆಯ ಸಾಲಿನಲ್ಲಿ ಇದ್ದವರೆಲ್ಲ ನನ್ನ ವಯಸ್ಸಿನವರೇ.

ಡಾಕ್ಟರ್ ರುದ್ರಮುನಿ ಚೀಟಿಯ ಹಿಂದೆ ಬರೆದು ತೋರಿಸಿದರು:
ಇದು ಚೀಲ, ಇದು ಕೊಳವೆ,
ಕೊಳವೆಯ ಕೊರಳು ಹಿಸುಕುತ್ತಿರುವುದು ಈ ಗ್ರಂಥಿ.
ಕ್ಯಾನ್ಸರ್ ಅಲ್ಲ ಅಂದರು, ಎರಡು ಸಲ.

ಪಕ್ಕದ ಭಟ್ಟಿಯ ಬಾಬಾಜಾನಣ್ಣನಿಗೆ ಆ ಕಾಲದಲ್ಲಿ
ಹೊಕ್ಕುಳ ಕೆಳಗೆ ಕೊಯ್ದಿದ್ದರು.
ಹದಿನಾಲ್ಕು ದಿನ ಮಲಗಿ ಎದ್ದವನು
ಕಲೆ ತೋರಿಸಿ ತೋರಿಸಿ
ಒಂದು ವರ್ಷ ಬಿಟ್ಟಿ ಚಹಾ ಕುಡಿದ.

"ಕೊಯ್ಯೋದಿಲ್ಲ," ಅಂದರು ಡಾಕ್ಟರ್. "ಹಬೆ.
ಮೂತ್ರದ ದಾರಿಯಲ್ಲೇ ಒಳಗೆ ಹೋಗಿ
ಸೂಜಿಮೊನೆಯಷ್ಟು ಹಬೆ ಬಿಡ್ತೀವಿ.
ಒಂದೊಂದು ಜಾಗಕ್ಕೆ ಒಂಬತ್ತು ಸೆಕೆಂಡು.
ಸಂಜೆಗೆ ಮನೆ."

ನಾನು ನಕ್ಕೆ. ಅವರಿಗೆ ಅರ್ಥವಾಗಲಿಲ್ಲ.
ಬಿಸಿ ತಾಗಿದರೆ ಉಬ್ಬುತ್ತೆ ಸಾರ್,
ಜೀವಮಾನವೆಲ್ಲ ಕಂಡದ್ದು ಅದೇ,
ಒಂದು ಮುಷ್ಟಿ ಹಾಕಿದರೆ ಒಂದು ಮೊರ.
ಇದು ಹೇಗೆ ಕುಗ್ಗುತ್ತೆ?
"ಅಕ್ಕಿ ಒಣಗಿದ ಕಾಳು ಬುಡೇನ್ ಸಾಬ್ರೇ, ಇದು ಜೀವ ಇರೋ ಮಾಂಸ.
ಹಬೆ ತಾಗಿದಷ್ಟು ಸಾಯುತ್ತೆ,
ಸತ್ತದ್ದನ್ನ ಮೈಯೇ ನಿಧಾನವಾಗಿ ಕರಗಿಸಿಕೊಳ್ಳುತ್ತೆ.
ವಾರಗಳು ಬೇಕು."

ಇನ್ನೊಂದು ಪ್ರಶ್ನೆ ನಾಲಿಗೆಯಲ್ಲೇ ಉಳಿಯಿತು.
ಡಾಕ್ಟರೇ ಕಿಟಕಿ ನೋಡುತ್ತ ಹೇಳಿದರು,
"ಆ ವಿಷಯಕ್ಕೆ ಸಾಮಾನ್ಯವಾಗಿ ತೊಂದರೆ ಆಗಲ್ಲ."
ಮಾಬುನ್ನಿ ಫ್ಯಾನ್ ನೋಡಿದಳು.

ಮೇಜಿನ ಮೇಲೆ ಕಾಲೆತ್ತಿ ಮಲಗಿಸಿದರು.
ಒಂದು, ಅಂದರು ಡಾಕ್ಟರ್.
ನಾನೂ ಎಣಿಸಿದೆ, ಬಾಯಿ ಬಿಡದೆ.
ಏಳಕ್ಕೆ ನನ್ನ ಕೈ ತಾನಾಗಿ ಜರಡಿ ಹುಡುಕಿತು.
"ಅಲ್ಲಾಡಬೇಡಿ ಅಜ್ಜ," ಅಂದಳು ನರ್ಸ್.
ಒಂಬತ್ತು.
ಹೀಗೆ ಐದು ಸಲ ಹುರಿದರು ನನ್ನ.
ಹತ್ತು ಅಂತ ಯಾರೂ ಅನ್ನಲಿಲ್ಲ.

ಆಮೇಲಿನದು ಸುಲಭ ಅಂತ ಹೇಳಿದರೆ ಸುಳ್ಳು.
ಐದು ದಿನ ತೊಡೆಗೆ ಕಟ್ಟಿದ ಚೀಲ,
ಲುಂಗಿಯೊಳಗೆ ಅದರ ಬೆಚ್ಚನೆ ಭಾರ.
ನಳಿಗೆ ತೆಗೆದ ಮೇಲೆ ಉರಿ,
ಮೊದಲಿಗಿಂತ ಜಾಸ್ತಿ ಓಡಾಟ.
ಬಾಬಾಜಾನಣ್ಣನೇ ಪುಣ್ಯವಂತ, ತೋರಿಸಲು ಕಲೆಯಾದರೂ ಇತ್ತು,
ಅಂದುಕೊಂಡೆ.

ಇಪ್ಪತ್ತೆರಡನೇ ರಾತ್ರಿಯೋ ಇಪ್ಪತ್ತಮೂರೋ.
ಮೂರು ಗಂಟೆಗೆ ರೂಢಿಯಂತೆ ಮಾಬುನ್ನಿ
ಎದ್ದು ಲೈಟ್ ಹಾಕಿದಳಂತೆ ನನಗೆ.
ನಾನು ಎದ್ದಿಲ್ಲ.
ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳಂತೆ.
ಬಿಸಿ ಉಸಿರು.
ಆಮೇಲೆ ಅವಳಿಗೆ ನಿದ್ದೆ ಬರದೆ
ಬೆಳಗಿನ ತನಕ ಬೈಯುತ್ತ ಕೂತಿದ್ದಳಂತೆ.
ಯಾರನ್ನು ಅಂತ ಕೇಳಿದೆ.
ಮಿರ್ಚಿ ಹಿಟ್ಟು ಕಲಸುತ್ತಿದ್ದವಳು ಉತ್ತರ ಕೊಡಲಿಲ್ಲ.

ಶುಕ್ರವಾರ ಎರಡನೇ ಸಾಲಿನಲ್ಲಿ ನಿಂತೆ.
ಮೊದಲನೆಯದಕ್ಕೆ ಇನ್ನೂ ಧೈರ್ಯವಿಲ್ಲ.
ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ
ಕೊನೆಯ ಸಾಲಿನವನೊಬ್ಬ ಮೊಣಕೈ ಹಿಡಿದು
ಆಚೆ ಈಚೆ ನೋಡಿ, ಕಿವಿಯ ಹತ್ತಿರ ಬಾಯಿ ತಂದು ಕೇಳಿದ:

ಯಾವ ಡಾಕ್ಟ್ರು?